ಲ್ಯಾಬ್ ಕಂಪ್ಯೂಟರ್‌ಗೆ ಹಾಕಿದ ಲಾಕ್ ಸಾಫ್ಟ್‌ವೇರನ್ನು ಮಕ್ಕಳು ದಾಟಿಬಿಡುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಲ್ಯಾಬ್ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಲ್ಯಾಬ್ ನೋಡಿಕೊಳ್ಳುವುದೂ ನನ್ನ ಕೆಲಸವೇ. 28 ಸಿಸ್ಟಂ ಇವೆ, ಎಲ್ಲವೂ ವಿಂಡೋಸ್. ಒಂದೊಂದು ಸಿಸ್ಟಂ ಮುಂದೆ ದಿನಕ್ಕೆ ಆರೇಳು ಮಕ್ಕಳು ಕೂತು ಏಳುತ್ತಾರೆ.

ಒಂದು ಲಾಕ್ ಸಾಫ್ಟ್‌ವೇರ್ ಹಾಕಿದ್ದೇವೆ. ನಾನು ನನ್ನ ಸಿಸ್ಟಂನಿಂದ ಬಿಟ್ಟರೆ ಮಾತ್ರ ಮಕ್ಕಳ ಪರದೆ ತೆರೆಯಬೇಕು. ಪಿರಿಯಡ್ ಮುಗಿದ ಕೂಡಲೇ ಮುಚ್ಚಿಕೊಳ್ಳಬೇಕು. ಆಟ ಓಡಬಾರದು, ಕೆಲವು ಸೈಟ್ ತೆರೆಯಬಾರದು. ಕಾಗದದ ಮೇಲೆ ಎಲ್ಲ ಸರಿ. ಆದರೆ ಹಾಕಿದ ಮೂರನೇ ವಾರಕ್ಕೇ ದಾಟಿಬಿಟ್ಟರು. ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಬ್ಬ ನೆಟ್‌ವರ್ಕ್ ಕೇಬಲ್ ಕಿತ್ತ, ಲಾಕ್ ಬಿಟ್ಟುಕೊಂಡಿತು. ಇನ್ನೊಬ್ಬಳು ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಲಾಕನ್ನೇ ನಿಲ್ಲಿಸಿದಳು. ಒಬ್ಬ ಸೇಫ್ ಮೋಡ್‌ನಲ್ಲಿ ಶುರು ಮಾಡಿ ಆರಾಮಾಗಿ ಕೂತಿದ್ದ. ಪೆನ್ ಡ್ರೈವ್‌ನಿಂದ ಆಟ ಆಡುವವರನ್ನಂತೂ ಲೆಕ್ಕವೇ ಇಟ್ಟಿಲ್ಲ.

ಪಾಸ್‌ವರ್ಡ್ ಬದಲಾಯಿಸಿದೆ. ಬೇರೆ ಕಂಪನಿಯ ಸಾಫ್ಟ್‌ವೇರ್ ಹಾಕಿ ನೋಡಿದೆ. ಅದೂ ಒಂದು ತಿಂಗಳು ಬರಲಿಲ್ಲ. ಈಗ ಆಡಳಿತದವರು ಇನ್ನೂ ಜಾಸ್ತಿ ಬೆಲೆಯದ್ದು ತರಿಸೋಣ ಅನ್ನುತ್ತಿದ್ದಾರೆ. ತರಿಸುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ. ಯಾವುದು ಗಟ್ಟಿ?

ಸರ್ವರ್ ರೂಮ್:

ಮೇಡಂ, ಸಾಫ್ಟ್‌ವೇರ್ ಹೆಸರಿಗಿಂತ ಮೊದಲು ಒಂದು ಪ್ರಶ್ನೆ. ಮಕ್ಕಳು ಯಾವ ಅಕೌಂಟ್‌ನಲ್ಲಿ ಲಾಗಿನ್ ಆಗುತ್ತಾರೆ? ಅದು ಎಲ್ಲವನ್ನೂ ಬದಲಾಯಿಸುವ ಹಕ್ಕಿರುವ ಅಡ್ಮಿನ್ ಅಕೌಂಟಾ, ಸಾಮಾನ್ಯ ಅಕೌಂಟಾ?

ಲ್ಯಾಬ್ ಟೀಚರ್:

ಅಡ್ಮಿನ್ ಸರ್. ಎಲ್ಲ ಸಿಸ್ಟಂನಲ್ಲೂ ಒಂದೇ ಅಕೌಂಟ್, ಪಾಸ್‌ವರ್ಡೂ ಇಲ್ಲ. ಬೇಕಂತ ಮಾಡಿದ್ದಲ್ಲ. ನಮ್ಮಲ್ಲಿ ಒಂದು ಹಳೇ ಟೈಪಿಂಗ್ ಪ್ರೋಗ್ರಾಂ ಇದೆ. ಸಾಮಾನ್ಯ ಅಕೌಂಟ್‌ನಲ್ಲಿ ಅದು ತೆರೆಯುವುದೇ ಇಲ್ಲ, ಎರರ್ ಕೊಟ್ಟು ಮುಚ್ಚಿಕೊಳ್ಳುತ್ತದೆ. ಅದಕ್ಕೆ ಹೀಗೆ ಬಿಟ್ಟಿದ್ದೇವೆ.

ಸರ್ವರ್ ರೂಮ್:

ಹಾಗಾದರೆ ದಯವಿಟ್ಟು ಹೊಸ ಸಾಫ್ಟ್‌ವೇರ್ ಕೊಳ್ಳಬೇಡಿ. ಯಾವುದನ್ನು ತಂದರೂ ಇದೇ ಆಗುತ್ತದೆ.

ಲಾಕ್ ಸಾಫ್ಟ್‌ವೇರ್ ಅಂದರೆ ವಿಂಡೋಸ್ ಮೇಲೆ ಓಡುವ ಇನ್ನೊಂದು ಪ್ರೋಗ್ರಾಂ ಅಷ್ಟೇ. ಯಾವ ಪ್ರೋಗ್ರಾಂ ಬದುಕಬೇಕು, ಯಾವುದು ನಿಲ್ಲಬೇಕು ಅಂತ ತೀರ್ಮಾನ ಮಾಡುವುದು ವಿಂಡೋಸ್. ವಿಂಡೋಸ್‌ಗೆ ಅಡ್ಮಿನ್ ಹೇಳಿದ್ದೇ ಕೊನೇ ಮಾತು. ನೀವು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಒಳಗೆ ಕೂತವರ ಕೈಗೇ ಕೊಟ್ಟಿದ್ದೀರಿ. ಅವರು ಬೀಗ ಒಡೆಯುತ್ತಿಲ್ಲ ಮೇಡಂ, ತೆಗೆಯುತ್ತಿದ್ದಾರೆ.

ಅದೇ ಮಗು ಸಾಮಾನ್ಯ ಅಕೌಂಟ್‌ನಲ್ಲಿದ್ದರೆ ಏನಾಗುತ್ತದೆ ನೋಡಿ. ಒಳ್ಳೆಯ ಲಾಕ್ ಸಾಫ್ಟ್‌ವೇರ್‌ಗಳು ಎರಡು ತುಂಡಾಗಿ ಓಡುತ್ತವೆ. ಒಂದು ತುಂಡು ಪರದೆ ಮೇಲೆ ಕಾಣುವುದು. ಇನ್ನೊಂದು ಹಿನ್ನೆಲೆಯಲ್ಲಿ ಸರ್ವೀಸ್ ಆಗಿ, ಸಿಸ್ಟಂ ಅಕೌಂಟ್ ಹೆಸರಲ್ಲಿ ಓಡುವುದು. ಸಾಮಾನ್ಯ ಅಕೌಂಟ್‌ನವರು ಟಾಸ್ಕ್ ಮ್ಯಾನೇಜರ್ ತೆರೆದರೂ ಆ ಸರ್ವೀಸ್ ನಿಲ್ಲಿಸಲು ಆಗುವುದಿಲ್ಲ, 'ಅನುಮತಿ ಇಲ್ಲ' ಅಂತ ಬರುತ್ತದೆ. ಮೇಲಿನ ತುಂಡನ್ನು ಕೊಂದರೂ ಸರ್ವೀಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಅಗ್ಗದ ಸಾಫ್ಟ್‌ವೇರ್‌ಗಳಲ್ಲಿ ಈ ಸರ್ವೀಸೇ ಇರುವುದಿಲ್ಲ. ಕೊಳ್ಳುವಾಗ ಇದನ್ನು ಕೇಳಿ.

ಸೇಫ್ ಮೋಡ್ ವಿಷಯಕ್ಕೆ ಬರೋಣ. ಅದು ಇರುವುದೇ ಹೊರಗಿನ ಪ್ರೋಗ್ರಾಂಗಳಿಲ್ಲದೆ ವಿಂಡೋಸ್ ಶುರು ಮಾಡುವುದಕ್ಕೆ. ಸೇಫ್ ಮೋಡ್‌ಗೆ ಅಂತ ನೋಂದಾಯಿಸಿಕೊಂಡ ಸರ್ವೀಸ್ ಮಾತ್ರ ಅಲ್ಲಿ ಏಳುತ್ತದೆ. ಹಾಗಾಗಿ ನಿಮ್ಮ ಲಾಕ್ ಅಲ್ಲಿ ಮಲಗಿರುವುದು ಸಹಜ. ಇದಕ್ಕೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಒಂದು ಗುಂಡಿ ಇದೆ. ಹೆಸರು ಸೇಫ್‌ಮೋಡ್‌ಬ್ಲಾಕ್‌ನಾನ್‌ಅಡ್ಮಿನ್ಸ್. ಅದನ್ನು 1 ಮಾಡಿದರೆ ಅಡ್ಮಿನ್ ಅಲ್ಲದವರು ಸೇಫ್ ಮೋಡ್‌ನಲ್ಲಿ ಲಾಗಿನ್ ಆಗುವುದಕ್ಕೇ ಬಿಡುವುದಿಲ್ಲ. ಆದರೆ ಮಕ್ಕಳೇ ಅಡ್ಮಿನ್ ಆಗಿರುವಾಗ ಇದರಿಂದಲೂ ಉಪಯೋಗವಿಲ್ಲ. ಎಲ್ಲ ದಾರಿಯೂ ಅಲ್ಲಿಗೇ ಬಂದು ನಿಲ್ಲುತ್ತದೆ, ನೋಡಿ.

ಇನ್ನು ನಿಮ್ಮ ಟೈಪಿಂಗ್ ಪ್ರೋಗ್ರಾಂ. ಹಳೇ ಪ್ರೋಗ್ರಾಂಗಳು ಅಡ್ಮಿನ್ ಕೇಳುವುದಕ್ಕೆ ಸಾಮಾನ್ಯ ಕಾರಣ ಒಂದೇ: ಅವು ತಮ್ಮ ಅಂಕ, ಸೆಟ್ಟಿಂಗ್ ಎಲ್ಲವನ್ನೂ ಪ್ರೋಗ್ರಾಂ ಫೈಲ್ಸ್ ಒಳಗಿರುವ ತಮ್ಮದೇ ಫೋಲ್ಡರ್‌ನಲ್ಲಿ ಬರೆಯಲು ನೋಡುತ್ತವೆ. ಸಾಮಾನ್ಯ ಅಕೌಂಟ್‌ಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಮೈಕ್ರೋಸಾಫ್ಟ್‌ನ ಪ್ರೋಸೆಸ್ ಮಾನಿಟರ್ ಪುಕ್ಕಟೆ ಸಿಗುತ್ತದೆ. ಅದನ್ನು ಓಡಿಸಿ, ಟೈಪಿಂಗ್ ಪ್ರೋಗ್ರಾಂ ತೆರೆದು, ಎಲ್ಲಿ 'ಆಕ್ಸೆಸ್ ಡಿನೈಡ್' ಬರುತ್ತದೆ ನೋಡಿ. ಅಷ್ಟು ಫೋಲ್ಡರ್‌ಗೆ ಮಾತ್ರ ಬರೆಯುವ ಹಕ್ಕು ಕೊಡಿ. ಒಂದು ಪ್ರೋಗ್ರಾಂಗೋಸ್ಕರ ಇಡೀ ಮನೆ ಬಿಟ್ಟುಕೊಡುವುದು ಬೇಡ.

ಸ್ಕ್ರೂಡ್ರೈವರ್:

ಮೇಲಿನವರು ಹೇಳಿದ್ದು ಸರಿ. ಆದರೆ ಅದು ವಿಂಡೋಸ್ ಶುರುವಾದ ಮೇಲಿನ ಮಾತು. ವಿಂಡೋಸ್ ಶುರುವಾಗುವ ಮುಂಚೆಯೇ ಸಿಸ್ಟಂ ಬೇರೆಯವರ ಕೈಗೆ ಹೋದರೆ ಅಕೌಂಟ್, ಪಾಸ್‌ವರ್ಡ್ ಯಾವುದೂ ಲೆಕ್ಕಕ್ಕಿಲ್ಲ.

ಪೆನ್ ಡ್ರೈವ್‌ನಿಂದ ಬೇರೆ ಆಪರೇಟಿಂಗ್ ಸಿಸ್ಟಂ ಬೂಟ್ ಮಾಡಿದರೆ, ಅಂದರೆ ಶುರು ಮಾಡಿದರೆ, ಒಳಗಿನ ಡಿಸ್ಕ್ ಬರೀ ಫೈಲ್‌ಗಳ ರಾಶಿ. ಯಾವ ಫೈಲ್ ಬೇಕಾದರೂ ಓದಬಹುದು, ಬದಲಾಯಿಸಬಹುದು. ಲಾಗಿನ್ ಪರದೆಯಲ್ಲಿ ಕೆಲಸ ಮಾಡುವ ಫೈಲನ್ನೇ ಬದಲಾಯಿಸಿ ಪಾಸ್‌ವರ್ಡ್ ಇಲ್ಲದೆ ಒಳಗೆ ಬರುವ ಹಳೇ ಉಪಾಯ ಹುಡುಗರಿಗೆ ವೀಡಿಯೋ ನೋಡಿಯೇ ಗೊತ್ತಿರುತ್ತದೆ. ಆದ್ದರಿಂದ ವಿಂಡೋಸ್‌ಗೂ ಮುಂಚೆ ಏಳುವ ಬಯಾಸ್‌ನ ಸೆಟ್ಟಿಂಗ್‌ಗೆ ಹೋಗಿ, ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ. ಒಳಗಿನ ಡಿಸ್ಕ್ ಒಂದರಿಂದಲೇ ಬೂಟ್ ಆಗುವಂತೆ ಇಡಿ. ನಂಬಿಕೆಯ ಸಹಿ ಇಲ್ಲದ್ದು ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇರಲಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಬೂಟ್ ಆರ್ಡರ್ ಬೇರೆ, ಬೂಟ್ ಮೆನು ಬೇರೆ. ಆರ್ಡರ್ ಸರಿ ಮಾಡಿ ಬಿಟ್ಟರೆ, ಎಫ್12 ಅಥವಾ ಆ ಕಂಪನಿಯ ಯಾವುದೋ ಕೀ ಒತ್ತಿದ ಕೂಡಲೇ ಮೆನು ಬಂದು ಪೆನ್ ಡ್ರೈವ್ ಆರಿಸಿಕೊಳ್ಳಬಹುದು. ಮೆನುವನ್ನೂ ಮುಚ್ಚಿ, ಇಲ್ಲವೇ ಅದಕ್ಕೂ ಪಾಸ್‌ವರ್ಡ್ ಕೇಳುವಂತೆ ಮಾಡಿ.

ಹಳೇ ಡೆಸ್ಕ್‌ಟಾಪ್ ಆದರೆ ಬಯಾಸ್ ಪಾಸ್‌ವರ್ಡ್ ನಂಬಿ ಕೂರಬೇಡಿ. ಕ್ಯಾಬಿನೆಟ್ ತೆರೆದು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ತೆಗೆದರೆ, ಅಥವಾ ಜಂಪರ್ ಅನ್ನುವ ಪುಟ್ಟ ಕೊಂಡಿ ಬದಲಾಯಿಸಿದರೆ, ಎಷ್ಟೋ ಬೋರ್ಡ್‌ಗಳಲ್ಲಿ ಪಾಸ್‌ವರ್ಡ್ ಅಳಿಸಿಹೋಗುತ್ತದೆ. ಕ್ಯಾಬಿನೆಟ್‌ಗೆ ಸಣ್ಣದೊಂದು ನಿಜವಾದ ಬೀಗ ಹಾಕಿ. ಹಿಂಭಾಗ ಗೋಡೆ ಕಡೆಗಿದ್ದು, ಪರದೆಗಳು ನಿಮ್ಮ ಕಡೆಗಿರಲಿ. ಮೇಜು ಜೋಡಿಸುವ ರೀತಿಯಿಂದಲೇ ಅರ್ಧ ಕೆಲಸ ಆಗುತ್ತದೆ.

ಕೊನೆಗೆ ಬಿಟ್‌ಲಾಕರ್, ಇಡೀ ಡಿಸ್ಕನ್ನು ಗೂಢಲಿಪಿ ಮಾಡುವ ವಿಂಡೋಸ್‌ನ ಸೌಲಭ್ಯ. ವಿಂಡೋಸ್ ಪ್ರೊ ಅಥವಾ ಎಜುಕೇಶನ್ ಇದ್ದು, ಅದರ ಕೀ ಕಾಪಾಡುವ ಟಿಪಿಎಂ ಚಿಪ್ ಇದ್ದರೆ ಆನ್ ಮಾಡಿಬಿಡಿ. ಆಮೇಲೆ ಪೆನ್ ಡ್ರೈವ್‌ನಿಂದ ಬೂಟ್ ಮಾಡಿದರೂ ಡಿಸ್ಕ್‌ನಲ್ಲಿ ಕಾಣುವುದು ಗೂಢಲಿಪಿ ಮಾತ್ರ. ರಿಕವರಿ ಕೀಗಳನ್ನು ಮಾತ್ರ ಜೋಪಾನವಾಗಿ ಬೇರೆ ಕಡೆ ಇಡಿ. ಕೀ ಕಳೆದುಹೋದರೆ ಡಿಸ್ಕ್ ನಿಮಗೂ ತೆರೆಯುವುದಿಲ್ಲ.

ಕೊನೇ ಬೆಂಚ್:

ಇನ್ನೊಂದು ಕಡೆಯಿಂದ ಮಾತಾಡುತ್ತೇನೆ. ಶಾಲೆಯಲ್ಲಿ ಲಾಕ್ ದಾಟುತ್ತಿದ್ದ ಹುಡುಗ ನಾನೇ. ಈಗ ಒಂದು ಕಾಲೇಜಿನ ಲ್ಯಾಬ್‌ಗಳನ್ನು ನೋಡಿಕೊಳ್ಳುತ್ತೇನೆ.

ನಾನು ಯಾವ ದೊಡ್ಡ ವಿದ್ಯೆಯನ್ನೂ ಬಳಸಿರಲಿಲ್ಲ. ಮೇಷ್ಟ್ರು ಅನ್‌ಲಾಕ್ ಪಾಸ್‌ವರ್ಡನ್ನು ನನ್ನ ಪಕ್ಕ ನಿಂತೇ ಟೈಪ್ ಮಾಡುತ್ತಿದ್ದರು. ಎರಡು ಸಲ ನೋಡಿದೆ, ಮೂರನೇ ಸಲಕ್ಕೆ ಬಂತು. 28 ಸಿಸ್ಟಂಗೂ ಒಂದೇ ಪಾಸ್‌ವರ್ಡ್ ಇದ್ದರೆ, ಒಂದು ಗೊತ್ತಾದ ದಿನ ಎಲ್ಲವೂ ಹೋದ ಹಾಗೆ.

ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2025ರಲ್ಲಿ ಇದನ್ನೇ ಅಂಕಿಅಂಶದಲ್ಲಿ ಹೇಳಿತು. ಶಿಕ್ಷಣ ಸಂಸ್ಥೆಗಳ ಒಳಗಿನವರಿಂದಲೇ ಆದ 215 ಮಾಹಿತಿ ಸೋರಿಕೆಗಳನ್ನು ಅವರು ನೋಡಿದರು. 57% ವಿದ್ಯಾರ್ಥಿಗಳಿಂದ ಆದದ್ದು. ಸುಮಾರು 30% ಪ್ರಕರಣಗಳಲ್ಲಿ ಕದ್ದ ಲಾಗಿನ್ ಬಳಕೆಯಾಗಿತ್ತು. ಊಹಿಸಿದ ಪಾಸ್‌ವರ್ಡ್, ಚೀಟಿಯಲ್ಲಿ ಬರೆದಿಟ್ಟ ಪಾಸ್‌ವರ್ಡ್, ಇಂಥವು. ನಿಜವಾಗಿಯೂ ಜಾಣ್ಮೆಯ ತಂತ್ರದಿಂದ ಭದ್ರತೆ ದಾಟಿದ್ದು ಬರೀ 5%.

2013ರ ಲಾಸ್ ಏಂಜಲೀಸ್ ಕಥೆಯೂ ನೆನಪಿಡಿ. ಅಲ್ಲಿನ ಶಾಲೆಗಳು ಮಕ್ಕಳಿಗೆ ಐಪ್ಯಾಡ್ ಕೊಟ್ಟವು, ಸೈಟ್ ತಡೆಯುವ ವ್ಯವಸ್ಥೆ ಹಾಕಿ. ಕೆಲವೇ ದಿನಗಳಲ್ಲಿ ಸುಮಾರು 300 ವಿದ್ಯಾರ್ಥಿಗಳು ಅದನ್ನು ದಾಟಿದರು. ಮಾಡಿದ್ದು ಇಷ್ಟೇ: ಸೆಟ್ಟಿಂಗ್ಸ್‌ಗೆ ಹೋಗಿ ಶಾಲೆ ಹಾಕಿದ್ದ ಪ್ರೊಫೈಲನ್ನು ಡಿಲೀಟ್ ಮಾಡಿದರು. ಡಿಲೀಟ್ ಮಾಡುವ ಹಕ್ಕು ಅವರಿಗೇ ಇತ್ತು! ಅಲ್ಲಿನ ಶಾಲಾ ಜಿಲ್ಲೆಯವರು ಐಪ್ಯಾಡ್ ಮನೆಗೆ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ಮೇಡಂ, ನೀವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರುತ್ತಾರೆ. ಇಡೀ ಶಾಲೆಯ ಮಕ್ಕಳಿಗಿರುವಷ್ಟು ಸಮಯ ನಿಮ್ಮೊಬ್ಬರಿಗೆ ಇಲ್ಲ. ಅವರು ಯಾಕೆ ದಾಟುತ್ತಾರೆ ಅನ್ನುವುದನ್ನೂ ಕೇಳಿ. ನನ್ನ ಕಾಲದಲ್ಲಿ ಲಾಕ್ ಎಷ್ಟು ಬಿಗಿಯಾಗಿತ್ತು ಅಂದರೆ ಪ್ರಾಜೆಕ್ಟ್‌ಗೆ ಬೇಕಾದ ಚಿತ್ರ ಹುಡುಕುವುದಕ್ಕೂ ಆಗುತ್ತಿರಲಿಲ್ಲ. ಮೊದಲ ಸಲ ನಾನು ದಾಟಿದ್ದು ಹೋಂವರ್ಕ್ ಮುಗಿಸುವುದಕ್ಕೆ.

ಲ್ಯಾಬ್ ಟೀಚರ್:

ನಿಮ್ಮ ಮಾತು ಮನಸ್ಸಿಗೆ ತಾಗಿತು. ಆದರೂ ಒಂದು ಹೇಳಲೇಬೇಕು. ಎಲ್ಲರೂ ಕುತೂಹಲಕ್ಕೆ ದಾಟುವವರಲ್ಲ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟ್ ಫೈಲನ್ನು ಯಾರೋ ಅಳಿಸಿದರು. ಎಲ್ಲರದೂ ಒಂದೇ ಅಕೌಂಟ್, ಯಾರು ಅಂತ ಹೇಳುವುದು ಹೇಗೆ? ಆ ಹುಡುಗಿ ಲ್ಯಾಬ್‌ನಲ್ಲೇ ಕೂತು ಅತ್ತಳು. ಅವತ್ತಿನಿಂದ ನನಗೆ ಆಟದ ಚಿಂತೆಗಿಂತ ಇದರ ಚಿಂತೆ ಜಾಸ್ತಿ. ಆಟ ಆಡಿದರೆ ಒಂದು ಪಿರಿಯಡ್ ಹೋಗುತ್ತದೆ. ಇನ್ನೊಂದು ಮಗುವಿನ ಕೆಲಸ ಹೋದರೆ ಅದು ವಾಪಸ್ ಬರುವುದಿಲ್ಲ.

ಸರ್ವರ್ ರೂಮ್:

ಹಾಗಾದರೆ ಪ್ರತಿ ಮಗುವಿಗೂ ಸ್ವಂತ ಅಕೌಂಟ್ ಕೊಡಿ ಮೇಡಂ. ಅಡ್ಮಿನ್ ಹಕ್ಕು ತೆಗೆದ ಮೇಲೆ ಎರಡನೇ ಕೆಲಸ ಅದೇ. ಒಬ್ಬರ ಫೋಲ್ಡರ್ ಇನ್ನೊಬ್ಬರಿಗೆ ತೆರೆಯುವುದಿಲ್ಲ. ಯಾರು ಯಾವಾಗ ಕೂತಿದ್ದರು ಅನ್ನುವುದು ವಿಂಡೋಸ್ ಬರೆದಿಡುವ ಈವೆಂಟ್ ಲಾಗ್‌ನಲ್ಲಿ ಇರುತ್ತದೆ. ಮಕ್ಕಳ ಫೈಲ್‌ಗಳು ಆ ಸಿಸ್ಟಂನಲ್ಲೇ ಇರದೆ ಸರ್ವರ್ ಮೇಲೆ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಬ್ಯಾಕಪ್ ತೆಗೆಯಬಹುದು.

ಅಡ್ಮಿನ್ ಪಾಸ್‌ವರ್ಡ್ ಒಂದೊಂದು ಸಿಸ್ಟಂಗೂ ಬೇರೆ ಇರಲಿ. ಎಲ್ಲ ಸಿಸ್ಟಂಗಳನ್ನೂ ಒಂದು ಸರ್ವರ್‌ನಿಂದ ನಡೆಸುವ ಡೊಮೇನ್ ಇದ್ದರೆ ವಿಂಡೋಸ್ ಲ್ಯಾಪ್ಸ್ ಅನ್ನುವ ಸೌಲಭ್ಯ ಅದನ್ನು ತಾನೇ ಬದಲಾಯಿಸುತ್ತಾ ಇರುತ್ತದೆ. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ಅದು ವಿಂಡೋಸ್ ಒಳಗೇ ಬರುತ್ತದೆ. ಡೊಮೇನ್ ಇಲ್ಲದಿದ್ದರೆ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ 28 ಸಾಲು ಬರೆದಿಡಿ. ಬೇಜಾರಿನ ಕೆಲಸ, ಆದರೆ ಒಂದು ದಿನದ್ದು. ಮಕ್ಕಳ ಸಿಸ್ಟಂ ಮುಂದೆ ನಿಂತು ಅಡ್ಮಿನ್ ಪಾಸ್‌ವರ್ಡ್ ಟೈಪ್ ಮಾಡುವುದನ್ನು ಮಾತ್ರ ಇವತ್ತಿನಿಂದಲೇ ಬಿಡಿ.

ಲೈಬ್ರರಿ ಕೌಂಟರ್:

ನಾನು ಲೈಬ್ರರಿಯಲ್ಲಿ ಸಾರ್ವಜನಿಕರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಬರುವವರು ಯಾರು ಅಂತಲೇ ಗೊತ್ತಿರುವುದಿಲ್ಲ. ಅದಕ್ಕೆ ನಾವು ದಾರಿಯನ್ನೇ ಬದಲಾಯಿಸಿಕೊಂಡೆವು. ಏನು ಬೇಕಾದರೂ ಕೆಡಿಸಲಿ, ರೀಸ್ಟಾರ್ಟ್ ಮಾಡಿದರೆ ಮೊದಲಿನಂತೆ ಆಗಬೇಕು, ಅಷ್ಟೇ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದಕ್ಕೆ ಮೈಕ್ರೋಸಾಫ್ಟೇ ಪುಕ್ಕಟೆ ಸಾಧನ ಕೊಟ್ಟಿತ್ತು. 2005ರಲ್ಲಿ ಶೇರ್ಡ್ ಕಂಪ್ಯೂಟರ್ ಟೂಲ್‌ಕಿಟ್ ಅಂತ ಬಂತು, 2007ರಲ್ಲಿ ಅದೇ ವಿಂಡೋಸ್ ಸ್ಟೆಡಿಸ್ಟೇಟ್ ಆಯಿತು. ಶಾಲೆ, ಲೈಬ್ರರಿಗಳಿಗೆ ಅದು ವರದಾನವೇ ಆಗಿತ್ತು. ವಿಂಡೋಸ್ 7ಕ್ಕೆ ಅದನ್ನು ತರಲಿಲ್ಲ, 2010ರ ಕೊನೆಗೆ ಡೌನ್‌ಲೋಡ್ ನಿಲ್ಲಿಸಿದರು, 2011ರ ಜೂನ್‌ನಲ್ಲಿ ಬೆಂಬಲವೂ ಮುಗಿಯಿತು. ನನಗೆ ಇವತ್ತಿಗೂ ಅದರ ಬಗ್ಗೆ ಬೇಸರ ಇದೆ. ಈಗ ಡೀಪ್ ಫ್ರೀಜ್‌ನಂಥ ದುಡ್ಡು ಕೊಟ್ಟು ತರುವ ಸಾಫ್ಟ್‌ವೇರ್‌ಗಳಿವೆ. ನಿಮ್ಮದು ವಿಂಡೋಸ್ ಎಜುಕೇಶನ್ ಅಥವಾ ಎಂಟರ್‌ಪ್ರೈಸ್ ಆಗಿದ್ದರೆ ಯುನಿಫೈಡ್ ರೈಟ್ ಫಿಲ್ಟರ್ ಒಳಗೇ ಇದೆ, ಆನ್ ಮಾಡಿಕೊಳ್ಳಬೇಕು. ಡಿಸ್ಕ್‌ಗೆ ಬರೆಯಬೇಕಾದದ್ದನ್ನೆಲ್ಲ ಅದು ಬದಿಗೆ ಬರೆದುಕೊಳ್ಳುತ್ತದೆ, ರೀಸ್ಟಾರ್ಟ್ ಆದಾಗ ಎಸೆದುಬಿಡುತ್ತದೆ.

ಅನುಭವದಿಂದ ಎರಡು ಎಚ್ಚರಿಕೆ. ಆ ಬದಿಯ ಜಾಗ ಮೊದಲಿಗೆ ರ‍್ಯಾಮ್‌ನಲ್ಲಿ 1024 ಎಂಬಿ ಮಾತ್ರ ಇರುತ್ತದೆ. ಬ್ರೌಸರ್ ಕ್ಯಾಶೆಯೇ ಅದನ್ನು ತುಂಬಿಸಿಬಿಡಬಹುದು. ತುಂಬಿದರೆ ಸಿಸ್ಟಂ ಪಾಠದ ಮಧ್ಯದಲ್ಲಿ ನಿಂತುಬಿಡುತ್ತದೆ. ನೋಡಿಕೊಂಡು ಜಾಸ್ತಿ ಮಾಡಿ. ಎರಡನೆಯದು ಅಪ್‌ಡೇಟ್. ಹೆಪ್ಪುಗಟ್ಟಿದ, ಅಂದರೆ ಹೀಗೆ ಪ್ರತಿ ಸಲ ಮೊದಲಿನಂತೆ ಆಗುವ ಸಿಸ್ಟಂ ಹಗಲು ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ರೀಸ್ಟಾರ್ಟ್‌ನಲ್ಲಿ ಕಳೆದುಕೊಳ್ಳುತ್ತದೆ, ಮತ್ತೆ ಇಳಿಸಿಕೊಳ್ಳುತ್ತದೆ. ವಾರಕ್ಕೊಂದು ರಾತ್ರಿ ಬಿಡಿಸಿ, ಅಪ್‌ಡೇಟ್ ಮಾಡಿಸಿ, ಮತ್ತೆ ಹೆಪ್ಪುಗಟ್ಟಿಸುವ ವ್ಯವಸ್ಥೆ ಬೇಕೇ ಬೇಕು. ನಾವು ಮೊದಲ ವರ್ಷ ಇದನ್ನು ಮರೆತು, ಹತ್ತು ತಿಂಗಳು ಒಂದೂ ಅಪ್‌ಡೇಟ್ ಇಲ್ಲದೆ ಓಡಿಸಿದ್ದೆವು.

ಹೆಪ್ಪುಗಟ್ಟಿಸುವ ಮುಂಚೆ ಸಿಸ್ಟಂ ಶುದ್ಧವಾಗಿದೆಯಾ ನೋಡಿಕೊಳ್ಳಿ. ಒಳಗೆ ಏನಾದರೂ ಕೆಟ್ಟದ್ದು ಇದ್ದರೆ ಪ್ರತಿ ರೀಸ್ಟಾರ್ಟ್‌ಗೂ ಅದೂ ಹೊಸದಾಗಿ ಹುಟ್ಟುತ್ತದೆ.

ಟಕ್ಸ್ ಪ್ರೇಮಿ:

ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡಿ ಅಂತ ಹೇಳಲು ಬಂದೆ, ಆದರೆ ಅದೂ ತಾನಾಗಿಯೇ ಗಟ್ಟಿ ಅಲ್ಲ. ಲಿನಕ್ಸನ್ನು ಶುರು ಮಾಡುವ ಗ್ರಬ್‌ಗೆ ಪಾಸ್‌ವರ್ಡ್ ಹಾಕದಿದ್ದರೆ ಬೂಟ್ ಸಾಲು ಬದಲಾಯಿಸಿ ನೇರ ರೂಟ್, ಅಂದರೆ ಅಲ್ಲಿನ ಅಡ್ಮಿನ್, ಆಗಬಹುದು. ಹಾಕುವಾಗ ಮಾಮೂಲಿ ಬೂಟ್‌ಗೆ ಪಾಸ್‌ವರ್ಡ್ ಕೇಳದಂತೆ, ಸಾಲು ತಿದ್ದುವುದಕ್ಕೆ ಮಾತ್ರ ಕೇಳುವಂತೆ ಇಡಿ. ಇಲ್ಲದಿದ್ದರೆ ದಿನಾ ಬೆಳಗ್ಗೆ 28 ಸಿಸ್ಟಂಗೆ ನೀವೇ ಟೈಪ್ ಮಾಡಬೇಕು. ಮಕ್ಕಳ ಫೈಲ್‌ಗಳಿರುವ ಹೋಮ್ ಪಾರ್ಟಿಶನ್ನನ್ನು ನೋಎಕ್ಸೆಕ್ (ಓಡಿಸಬೇಡ) ಅಂತ ಮೌಂಟ್ ಮಾಡಿದರೆ, ಅಂದರೆ ಜೋಡಿಸಿದರೆ, ಅಲ್ಲಿ ಇಳಿಸಿದ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ತರಗತಿ ಪರದೆ ನೋಡಿಕೊಳ್ಳಲು ವೇಯಾನ್ ಇದೆ, ಪುಕ್ಕಟೆ, ಮುಕ್ತ ತಂತ್ರಾಂಶ, ವಿಂಡೋಸ್‌ನಲ್ಲೂ ಓಡುತ್ತದೆ.

ಲ್ಯಾಬ್ ಟೀಚರ್:

ಎರಡು ವಾರದ ವರದಿ. ಮೊದಲಿಗೆ ಆರು ಸಿಸ್ಟಂನಲ್ಲಿ ಮಾಡಿ ನೋಡಿದೆ. ಪ್ರತಿ ಮಗುವಿಗೂ ಸಾಮಾನ್ಯ ಅಕೌಂಟ್ ಮಾಡಿದೆ. ಪ್ರೋಸೆಸ್ ಮಾನಿಟರ್ ಓಡಿಸಿದೆ. ಸರ್ ಹೇಳಿದ್ದು ನಿಜ, ಟೈಪಿಂಗ್ ಪ್ರೋಗ್ರಾಂ ಅಂಕಗಳ ಫೈಲನ್ನು ತನ್ನ ಫೋಲ್ಡರ್‌ನಲ್ಲೇ ಬರೆಯುತ್ತಿತ್ತು. ಆ ಫೋಲ್ಡರ್‌ಗೆ ಹಕ್ಕು ಕೊಟ್ಟೆ, ಈಗ ಚೆನ್ನಾಗಿ ತೆರೆಯುತ್ತದೆ. ಟಾಸ್ಕ್ ಮ್ಯಾನೇಜರ್ ದಾರಿ ಮುಚ್ಚಿತು, ಸೇಫ್ ಮೋಡ್ ದಾರಿಯೂ ಮುಚ್ಚಿತು. ಬಯಾಸ್ ಪಾಸ್‌ವರ್ಡ್ ಹಾಕಿದೆ, ಬೂಟ್ ಮೆನು ಮುಚ್ಚಿದೆ.

ಆದರೆ ಪೆನ್ ಡ್ರೈವ್ ಆಟ ಇನ್ನೂ ನಡೆಯುತ್ತಿದೆ. ಇನ್‌ಸ್ಟಾಲ್ ಮಾಡುವುದೇ ಬೇಡ, ಹಾಗೇ ಓಡುತ್ತವೆ. ಬ್ರೌಸರನ್ನೂ ಪೆನ್ ಡ್ರೈವ್‌ನಲ್ಲಿ ತರುತ್ತಾರೆ. ಲಾಕ್ ಸಾಫ್ಟ್‌ವೇರ್‌ನಲ್ಲಿ ಆಟದ ಹೆಸರು ಬರೆದು ತಡೆದೆ. ಮಾರನೇ ದಿನ ಫೈಲಿನ ಹೆಸರು 'ವಿಜ್ಞಾನ ಪಾಠ' ಅಂತ ಬದಲಾಗಿತ್ತು. ಯುಎಸ್‌ಬಿ ಪೂರ್ತಿ ಮುಚ್ಚಲೂ ಆಗುವುದಿಲ್ಲ, ಹೋಂವರ್ಕ್ ಅದರಲ್ಲೇ ತರುತ್ತಾರೆ.

ಸ್ಕ್ರೂಡ್ರೈವರ್:

ಯುಎಸ್‌ಬಿ ಮುಚ್ಚಬೇಡಿ. ವಿಂಡೋಸ್‌ಗೆ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲಿ ರಿಮೂವಬಲ್ ಡಿಸ್ಕ್, ಅಂದರೆ ಪೆನ್ ಡ್ರೈವ್‌ನಂಥವಕ್ಕೆ ಅಂತಲೇ ಓದುವುದು, ಬರೆಯುವುದು, ಓಡಿಸುವುದು ಮೂರಕ್ಕೂ ಬೇರೆ ಬೇರೆ ತಡೆ ಇದೆ. ಓಡಿಸುವುದನ್ನು ಮಾತ್ರ ತಡೆಯಿರಿ. ಹೋಂವರ್ಕ್ ತೆರೆಯುತ್ತದೆ, ಆಟ ಓಡುವುದಿಲ್ಲ. ವಿಂಡೋಸ್ ಹೋಮ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ, ಪ್ರೊ ಅಥವಾ ಎಜುಕೇಶನ್ ಬೇಕು.

ಸರ್ವರ್ ರೂಮ್:

ಅದು ಅರ್ಧ ದಾರಿ. ಮಗು ಆಟವನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ ಅಲ್ಲಿಂದ ಓಡಿಸುತ್ತದೆ. ಹೆಸರು ಬರೆದು ತಡೆಯುವ ಆಟಕ್ಕೆ ಕೊನೆಯಿಲ್ಲ. ತಿರುಗಿಸಿ ಹಿಡಿಯಿರಿ: ಇಂಥದ್ದು ಓಡಬಾರದು ಅನ್ನುವ ಬದಲು, ಇಷ್ಟು ಮಾತ್ರ ಓಡಬಹುದು ಅನ್ನಿ.

ಅದಕ್ಕೆ ವಿಂಡೋಸ್‌ನಲ್ಲೇ ಆಪ್‌ಲಾಕರ್ ಇದೆ. ಅದರ ಡೀಫಾಲ್ಟ್ ನಿಯಮ ಸರಳ. ವಿಂಡೋಸ್ ಫೋಲ್ಡರ್ ಮತ್ತು ಪ್ರೋಗ್ರಾಂ ಫೈಲ್ಸ್ ಒಳಗಿರುವುದು ಓಡಲಿ. ಅಡ್ಮಿನ್ ಏನು ಬೇಕಾದರೂ ಓಡಿಸಲಿ. ಬೇರೆ ಯಾವುದೂ ಬೇಡ. ಸಾಮಾನ್ಯ ಅಕೌಂಟ್‌ನವರು ಆ ಎರಡು ಫೋಲ್ಡರ್‌ಗೆ ಸಾಮಾನ್ಯವಾಗಿ ಬರೆಯಲಾರರು, ಬರೆಯಬಲ್ಲ ಕಡೆ ಓಡಿಸಲಾರರು. ಇಡೀ ಉಪಾಯ ಇರುವುದೇ ಇದರಲ್ಲಿ. ಮೊದಲು 'ಆಡಿಟ್ ಮಾತ್ರ' ಅಂತ ಒಂದು ವಾರ ಇಡಿ. ಯಾವುದು ತಡೆಗೆ ಸಿಗುತ್ತಿತ್ತು ಅಂತ ಈವೆಂಟ್ ಲಾಗ್‌ನಲ್ಲಿ ಬರುತ್ತದೆ. ಪಾಠಕ್ಕೆ ಬೇಕಾದದ್ದು ಅದರಲ್ಲಿದ್ದರೆ ಸೇರಿಸಿಕೊಂಡು ಆಮೇಲೆ ಜಾರಿ ಮಾಡಿ. ಅಪ್ಲಿಕೇಶನ್ ಐಡೆಂಟಿಟಿ ಅನ್ನುವ ಸರ್ವೀಸ್ ಓಡುತ್ತಿರಬೇಕು. ಅದು ನಿಂತಿದ್ದರೆ ನಿಯಮಗಳು ಇದ್ದೂ ಇಲ್ಲದಂತೆ.

ಈಗ ನನ್ನದೇ ಒಂದು ತಪ್ಪನ್ನು ಸರಿ ಮಾಡಬೇಕು. ಟೈಪಿಂಗ್ ಪ್ರೋಗ್ರಾಂನ ಫೋಲ್ಡರ್‌ಗೆ ಬರೆಯುವ ಹಕ್ಕು ಕೊಡಿ ಅಂತ ನಾನೇ ಹೇಳಿದ್ದೆ. ಅದು ಪ್ರೋಗ್ರಾಂ ಫೈಲ್ಸ್ ಒಳಗಿದೆ. ಅಂದರೆ ಮಕ್ಕಳು ಬರೆಯಬಹುದಾದ, ಆಪ್‌ಲಾಕರ್ ಓಡಲು ಬಿಡುವ ಒಂದು ಜಾಗ ಈಗ ನಿಮ್ಮ ಲ್ಯಾಬ್‌ನಲ್ಲಿದೆ. ಆಟವನ್ನು ಅದರೊಳಗೆ ಹಾಕಿದರೆ ಓಡುತ್ತದೆ. ಫೋಲ್ಡರ್ ಮೇಲಿನ ಹಕ್ಕು ತೆಗೆದು, ಅಂಕಗಳ ಫೈಲ್ ಒಂದಕ್ಕೆ ಮಾತ್ರ ಕೊಡಿ. ಪ್ರೋಗ್ರಾಂ ಅದಕ್ಕೆ ಒಪ್ಪದಿದ್ದರೆ ಆ ಫೋಲ್ಡರನ್ನು ನಿಯಮದಿಂದ ಹೊರಗಿಟ್ಟು, ಟೈಪಿಂಗ್ ಪ್ರೋಗ್ರಾಂನ ಫೈಲ್‌ಗೆ ಮಾತ್ರ ಹ್ಯಾಶ್ ನಿಯಮ ಬರೆಯಿರಿ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಹೆಸರು ಬದಲಾಯಿಸಿದರೆ ಮೋಸ ಹೋಗುವುದಿಲ್ಲ. ವಿಂಡೋಸ್ ಫೋಲ್ಡರ್ ಒಳಗೂ ಟೆಂಪ್‌ನಂಥ, ಎಲ್ಲರೂ ಬರೆಯಬಲ್ಲ ಜಾಗಗಳಿವೆ. ಅವನ್ನೂ ಹೊರಗಿಡಿ.

ಗಣಿತ ಮೇಷ್ಟ್ರು:

ನಮ್ಮಲ್ಲಿ ಇಷ್ಟೆಲ್ಲ ಮಾಡಿದ ಮೇಲೆ ಮಕ್ಕಳು ಫೋನನ್ನು ಯುಎಸ್‌ಬಿಗೆ ಚುಚ್ಚಿ, ಫೋನಿನ ಇಂಟರ್ನೆಟ್ ಸಿಸ್ಟಂಗೆ ಕೊಡುವ ಟೆದರಿಂಗ್ ಆನ್ ಮಾಡಿದರು. ಸಿಸ್ಟಂಗೆ ಅದು ಇನ್ನೊಂದು ನೆಟ್‌ವರ್ಕ್ ಕಾರ್ಡ್. ರೂಟರ್‌ನಲ್ಲಿ ಹಾಕಿದ ಸೈಟ್ ತಡೆಯೆಲ್ಲ ಬದಿಗೆ ಉಳಿಯಿತು. ಗ್ರೂಪ್ ಪಾಲಿಸಿಯ ಡಿವೈಸ್ ಇನ್‌ಸ್ಟಾಲೇಶನ್ ಭಾಗದಲ್ಲಿ ಹೊಸ ನೆಟ್‌ವರ್ಕ್ ಅಡಾಪ್ಟರ್ ಸೇರದಂತೆ ತಡೆದ ಮೇಲೆ ನಿಂತಿತು. ಇರುವ ಕಾರ್ಡ್ ಡ್ರೈವರ್ ಸರಿಯಾಗಿ ಕೂತ ಮೇಲೇ ಈ ತಡೆ ಹಾಕಿ.

ಸೈಟ್ ತಡೆಯನ್ನು, ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಮಾಡಿದ್ದರೆ ಇನ್ನೊಂದು ನೋಡಿಕೊಳ್ಳಿ. ಈಗಿನ ಬ್ರೌಸರ್‌ಗಳು ಡಿಎನ್‌ಎಸ್ ಪ್ರಶ್ನೆಯನ್ನು ಗೂಢಲಿಪಿಯ ಎಚ್‌ಟಿಟಿಪಿಎಸ್ ಒಳಗೆ ಮುಚ್ಚಿ ಬೇರೆ ಸರ್ವರ್‌ಗೆ ಕಳಿಸಬಲ್ಲವು. ನಿಮ್ಮ ತಡೆ ಅದನ್ನು ನೋಡುವುದೇ ಇಲ್ಲ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರಕ್ಕೂ ಪಾಲಿಸಿ ಇದೆ, ಅದರಿಂದ ಆಫ್ ಮಾಡಿ ಬೀಗ ಹಾಕಬಹುದು. ಎಕ್ಸ್‌ಟೆನ್ಶನ್‌ಗಳನ್ನೂ ಅಲ್ಲೇ ತಡೆದು, ಬೇಕಾದವನ್ನು ಮಾತ್ರ ಬಿಡಿ. ಪುಕ್ಕಟೆ ವಿಪಿಎನ್ ಎಕ್ಸ್‌ಟೆನ್ಶನ್ ಹಾಕಿಕೊಂಡ ಮಗುವಿಗೆ ಸೈಟ್ ತೆರೆಯುತ್ತದೆ, ಆದರೆ ಅದು ಏನೇನು ನೋಡುತ್ತದೆ ಅನ್ನುವುದೆಲ್ಲ ಗುರುತಿಲ್ಲದವರ ಕೈಗೆ ಹೋಗುತ್ತದೆ. ನನಗೆ ಆ ಭಯವೇ ಜಾಸ್ತಿ.

ಕೊನೇ ಬೆಂಚ್:

ಬಿಗಿ ಮಾಡುವ ಉತ್ಸಾಹದಲ್ಲಿ ಒಂದು ಗೆರೆ ದಾಟಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೋವರ್ ಮೆರಿಯನ್ ಅನ್ನುವ ಶಾಲಾ ಜಿಲ್ಲೆ ಇದೆ. ಕಳೆದುಹೋದ ಲ್ಯಾಪ್‌ಟಾಪ್ ಹುಡುಕಲು ಅಂತ ಹಾಕಿದ ಸಾಫ್ಟ್‌ವೇರ್, ಮಕ್ಕಳು ಮನೆಯಲ್ಲಿದ್ದಾಗ ಕ್ಯಾಮೆರಾದಿಂದ ಫೋಟೋ ತೆಗೆಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. 2010ರಲ್ಲಿ ಕೋರ್ಟಿಗೆ ಹೋಯಿತು, ಅದೇ ವರ್ಷ 6,10,000 ಡಾಲರ್ ಕೊಟ್ಟು ರಾಜಿಯಾದರು.

ಪರದೆ ನೋಡುವ ಸಾಫ್ಟ್‌ವೇರ್ ಇದೆ ಅಂತ ಮಕ್ಕಳಿಗೂ ಅಪ್ಪ-ಅಮ್ಮಂದಿರಿಗೂ ಮೊದಲೇ ಹೇಳಿ. ಲಾಗ್‌ನಲ್ಲಿ ಏನು ಉಳಿಯುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ, ಎಲ್ಲ ಹೇಳಿ. ಪಾಸ್‌ವರ್ಡ್ ಟೈಪ್ ಮಾಡಿದ್ದೂ ದಾಖಲಾಗುವಂಥ ಸಾಫ್ಟ್‌ವೇರ್ ಬೇಡವೇ ಬೇಡ.

ಇನ್ನೊಂದು ಕೇಳಲಾ ಮೇಡಂ? ಮೊದಲು ದಾಟಿದ ಆ ಹುಡುಗಿ, ಟಾಸ್ಕ್ ಮ್ಯಾನೇಜರ್ ತೆರೆದವಳು. ಅವಳಿಗೆ ಏನು ಶಿಕ್ಷೆ ಕೊಟ್ಟಿರಿ?

ಲ್ಯಾಬ್ ಟೀಚರ್:

ಒಂದು ವಾರ ಲ್ಯಾಬ್‌ಗೆ ಬಿಡಲಿಲ್ಲ. ಈಗ ಅನ್ನಿಸುತ್ತಿದೆ, ಅದು ತಪ್ಪು.

ಕೊನೇ ಬೆಂಚ್:

ನನಗೆ ಹಾಗೆ ಮಾಡಿದಾಗ ನಾನು ಇನ್ನೂ ಗುಟ್ಟಾಗಿ ಮಾಡಲು ಕಲಿತೆ. ಆಮೇಲೆ ಬಂದ ಒಬ್ಬರು ಮೇಷ್ಟ್ರು ನನ್ನನ್ನು ಕರೆದು, ಹೇಗೆ ಮಾಡಿದೆ ತೋರಿಸು ಅಂದರು. ನೆಟ್‌ವರ್ಕ್‌ಗೆ ಸೇರಿಸದ ಒಂದು ಹಳೇ ಸಿಸ್ಟಂ ಕೊಟ್ಟು, ಇದನ್ನು ಏನು ಬೇಕಾದರೂ ಮಾಡು, ಬೇರೆಯವನ್ನು ಮುಟ್ಟಬೇಡ ಅಂದರು. ಅವತ್ತಿನ ನಂತರ ನಾನು ಬೇರೆಯವನ್ನು ಮುಟ್ಟಲಿಲ್ಲ. ನಿಮ್ಮಲ್ಲೂ ಮೂಲೆಯಲ್ಲಿ ಅಂಥ ಒಂದು ಸಿಸ್ಟಂ ಇರಬಹುದು, ನೋಡಿ. ದಾಟಿದ್ದನ್ನು ಬಂದು ಹೇಳಿದರೆ ಶಿಕ್ಷೆ ಇಲ್ಲ ಅಂತ ಮಾಡಿ. ಬೇರೆಯವರ ಫೈಲ್ ಮುಟ್ಟಿದರೆ ಮಾತ್ರ ಕ್ಷಮೆ ಇಲ್ಲ.

ಲ್ಯಾಬ್ ಟೀಚರ್:

ಒಂದೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. 28 ಸಿಸ್ಟಂಗೂ ಮುಗಿಯಿತು. ಹೊಸ ಸಾಫ್ಟ್‌ವೇರ್ ಕೊಳ್ಳಲಿಲ್ಲ. ಇದ್ದದ್ದನ್ನೇ ಇಟ್ಟುಕೊಂಡಿದ್ದೇನೆ, ಪಿರಿಯಡ್ ಶುರು, ಕೊನೆ ಮಾಡುವುದಕ್ಕೆ ಮಾತ್ರ. ತಡೆಯುವ ಕೆಲಸವೆಲ್ಲ ಅಕೌಂಟ್ ಮತ್ತು ಆಪ್‌ಲಾಕರ್ ಮಾಡುತ್ತಿವೆ. ಆಡಿಟ್ ವಾರದಲ್ಲಿ ಲಾಗ್ ನೋಡಿದಾಗ ನಮ್ಮದೇ ಒಂದು ಗಣಿತದ ಪ್ರೋಗ್ರಾಂ ತಡೆಗೆ ಸಿಗುತ್ತಿತ್ತು, ಅದು ಬಳಕೆದಾರರ ಫೋಲ್ಡರ್‌ನಲ್ಲಿ ಕೂತಿತ್ತು. ಮೊದಲೇ ಜಾರಿ ಮಾಡಿದ್ದರೆ ಪಾಠ ನಿಲ್ಲುತ್ತಿತ್ತು. ಟೈಪಿಂಗ್ ಪ್ರೋಗ್ರಾಂ ಅಂಕಗಳ ಫೈಲ್‌ಗೆ ಮಾತ್ರ ಹಕ್ಕು ಕೊಟ್ಟರೂ ಒಪ್ಪಿಕೊಂಡಿತು.

ಆ ಹುಡುಗಿಯನ್ನು ಕರೆದು ಮಾತಾಡಿದೆ. ಮೂಲೆಯಲ್ಲಿದ್ದ ಹಳೇ ಸಿಸ್ಟಂ ಈಗ ಅವಳ ಹತ್ತಿರ ಇದೆ, ಇನ್ನೂ ಮೂವರು ಸೇರಿಕೊಂಡಿದ್ದಾರೆ. ಹೋದ ವಾರ ಅವಳೇ ಬಂದು ಹೇಳಿದಳು: 'ಮಿಸ್, ಶುರುವಾಗುವಾಗ ಎರಡು ಮೂರು ಸಲ ಪವರ್ ಆಫ್ ಮಾಡಿದರೆ ರಿಕವರಿ ಪರದೆ ಬರುತ್ತೆ. ಅಲ್ಲಿಂದ ಇಡೀ ಸಿಸ್ಟಂ ರೀಸೆಟ್ ಮಾಡಬಹುದು.' ನನಗೆ ಗೊತ್ತೇ ಇರಲಿಲ್ಲ.

ಇನ್ನೂ ಎರಡು ಉಳಿದಿವೆ. ಈ ರಿಕವರಿ ಪರದೆ ಒಂದು. ಕೇಬಲ್ ಕಿತ್ತರೆ ಲಾಕ್ ಬಿಟ್ಟುಕೊಳ್ಳುವುದು ಇನ್ನೊಂದು.

ಸರ್ವರ್ ರೂಮ್:

ರಿಕವರಿ ಪರದೆಯನ್ನು ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಿಂದ ಆಫ್ ಮಾಡಬಹುದು. ರೀಏಜೆಂಟ್‌ಸಿ ಅನ್ನುವ ಕಮಾಂಡ್, ಅದರ ಮುಂದೆ ಸ್ಲ್ಯಾಶ್ ಹಾಕಿ ಡಿಸೇಬಲ್. ಮಾಡುವ ಮುಂಚೆ ವಿಂಡೋಸ್ ಇನ್‌ಸ್ಟಾಲ್ ಪೆನ್ ಡ್ರೈವ್ ಒಂದನ್ನು ಮಾಡಿ ಬೀರುವಿನಲ್ಲಿ ಇಟ್ಟುಕೊಳ್ಳಿ. ಸಿಸ್ಟಂ ಕೆಟ್ಟಾಗ ನಿಮಗೇ ಅದು ಬೇಕಾಗುತ್ತದೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಇನ್ನೂ ಆಫ್ ಇದೆಯಾ ಅಂತ ಒಮ್ಮೆ ನೋಡಿ.

ಕೇಬಲ್ ವಿಷಯ ನಿಮ್ಮ ಲಾಕ್ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ ಇರಬೇಕು. ಟೀಚರ್ ಸಿಸ್ಟಂ ಸಿಗದಿದ್ದರೆ ಏನು ಮಾಡಬೇಕು ಅಂತ ಕೇಳುವ ಒಂದು ಆಯ್ಕೆ. ಈಗ 'ಬಿಟ್ಟುಬಿಡು' ಅಂತ ಇದೆ. ಅದನ್ನು 'ಮುಚ್ಚಿಯೇ ಇರು' ಅಂತ ಮಾಡಿ. ಆದರೆ ಹಾಗೆ ಮಾಡಿದರೆ ನೆಟ್‌ವರ್ಕ್ ಸ್ವಿಚ್ ಕೆಟ್ಟ ದಿನ 28 ಪರದೆಯೂ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಬೇರೆ ಪಾಠ ಸಿದ್ಧ ಇರಬೇಕು.

ಲ್ಯಾಬ್ ಟೀಚರ್:

ಆಯ್ಕೆ ಸಿಕ್ಕಿತು ಸರ್, ಮೂರನೇ ಪುಟದಲ್ಲಿ ಇತ್ತು. ಬದಲಾಯಿಸಿ ಆ ಹುಡುಗಿಗೇ ಹೇಳಿದೆ, ಈಗ ಕೇಬಲ್ ಕಿತ್ತು ನೋಡು ಅಂತ. ಕಿತ್ತಳು. ಪರದೆ ಮುಚ್ಚಿಕೊಂಡೇ ಇತ್ತು. ಇನ್ನೊಂದು ಸಿಸ್ಟಂನಲ್ಲೂ ನೋಡುತ್ತೇನೆ ಅಂದಳು. ಈಗ 17ನೆಯದರಲ್ಲಿದ್ದಾಳೆ.